ಮೊದಲು ಪಟ್ಟಿ, ಆಮೇಲೆ ಪಟ

ನಿನಗೆ ಕಣ್ಣುಂಟು ಮಗೂ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮಂಗಳೂರಿನ ಕುದ್ರೋಳಿ ದಸರೆಯ ಹುಲಿವೇಷ, ದಕ್ಕೆಯಲ್ಲಿ ಬಲೆ ಬಿಡಿಸುವವರ ಬೆರಳು, ಮಳೆಗೆ ಪಾಚಿ ಹಿಡಿದ ಹಂಚಿನ ಮಾಡು – ಎಲ್ಲ ಚೆಂದ ತೆಗೆದಿದ್ದೀ. ತಾಳ್ಮೆ ಮಾತ್ರ ಇನ್ನು ಬರಬೇಕು. ಈಗ ನಿನಗೆ ಹೊಸ ಹುಚ್ಚು. ಕಂಪ್ಯೂಟರಿನಲ್ಲಿರುವ ಫೈಲನ್ನು ಕತ್ತಲೆಕೋಣೆಗೆ ಒಯ್ದು, ಕೈಯಾರೆ ರಸಾಯನ ಹಚ್ಚಿ, ಕಾಗದದ ಮೇಲೆ ಪಟ ಮೂಡಿಸಬೇಕು ಅಂತ. ಬಹಳ ಒಳ್ಳೆಯದು. ಹೊರಡು, ನಾನು ತಡೆಯುವುದಿಲ್ಲ. ಹೊರಡುವ ಮುಂಚೆ ನಾಲ್ಕು ಮಾತು ಕಿವಿಗೆ ಹಾಕಿಕೊ.

ಮೊದಲನೆಯದು, ಯಾರಾದರೂ ‘ಇದು ಮೋಸ’ ಅಂದರೆ ತಲೆ ಕೆಡಿಸಿಕೊಳ್ಳಬೇಡ. ಫಿಲಂ ಇಲ್ಲದೆ ಎಂತ ನೆಗೆಟಿವ್, ಪ್ರಿಂಟರಿನಲ್ಲಿ ಹೊಡೆದ ಪ್ಲಾಸ್ಟಿಕ್ ಹಾಳೆಯೂ ಒಂದು ನೆಗೆಟಿವ್ವಾ ಅಂತ ಮೂಗು ಮುರಿಯುವವರು ಸಿಕ್ಕೇ ಸಿಗುತ್ತಾರೆ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ನೆಗೆಟಿವ್ ಅಂದರೆ ಕಾಗದದ್ದೇ. ಅದನ್ನು ಇನ್ನೊಂದು ಕಾಗದಕ್ಕೆ ಒತ್ತಿ ಬಿಸಿಲಿಗಿಟ್ಟು ಪಟ ಮಾಡುತ್ತಿದ್ದರು. ನೀನು ಮಾಡಹೊರಟದ್ದೂ ಅದನ್ನೇ. ಅಷ್ಟೇಕೆ, ಹಂಪನಕಟ್ಟೆಯ ಲ್ಯಾಬಿನಿಂದ ಬರುವ ಮದುವೆ ಫೋಟೋ ನೋಡು. 1996ರಲ್ಲಿ ಫ್ಯೂಜಿಯವರ ಫ್ರಾಂಟಿಯರ್ ಯಂತ್ರ ಬಂದ ಮೇಲೆ ಲೇಸರ್ ಬೆಳಕು ಫೈಲನ್ನು ಬೆಳ್ಳಿಯ ಕಾಗದದ, ಅಂದರೆ ಬೆಳ್ಳಿಯ ಲವಣ ಲೇಪಿಸಿದ ಫೋಟೋ ಕಾಗದದ ಮೇಲೆ ಬರೆಯುತ್ತದೆ, ಆಮೇಲೆ ಅದು ರಸಾಯನದಲ್ಲಿ ತೊಳೆದು ಬರುತ್ತದೆ. ಯಂತ್ರ ಒಳಗೊಳಗೇ ಮಾಡುವುದನ್ನು ನೀನು ಕಣ್ಣೆದುರು ಮಾಡುತ್ತೀ, ಅಷ್ಟೆ. ಕಂಪ್ಯೂಟರಿನಿಂದ ಮಾಡುವ ನೆಗೆಟಿವ್ ಕೂಡ ನಿನ್ನೆ ಮೊನ್ನೆಯದ್ದಲ್ಲ. ಅಮೆರಿಕದ ಡ್ಯಾನ್ ಬರ್ಕ್‌ಹೋಲ್ಡರ್ ಡಿಜಿಟಲ್ ನೆಗೆಟಿವ್ ಬಗ್ಗೆ 1995ರಲ್ಲೇ ಪುಸ್ತಕ ಬರೆದಾಗಿದೆ.

ಎರಡನೆಯದು, ಬೆಳ್ಳಿಯ ಕಾಗದಕ್ಕೆ ಈಗಲೇ ಕೈ ಹಾಕಬೇಡ. ನಿನಗೆ ಅದರದ್ದೇ ಆಸೆ ಅಂತ ಗೊತ್ತು. ಕೆಂಪು ದೀಪ, ಮೂರು ಟ್ರೇ, ಡೆವಲಪರಿನಲ್ಲಿ ಮೆಲ್ಲ ಏಳುವ ಮುಖ – ಸಿನಿಮಾದಲ್ಲಿ ನೋಡಿದ್ದೀ. ಅದಕ್ಕೂ ಕಾಲ ಬರುತ್ತದೆ. ಮೊದಲು ಸೈನೊಟೈಪ್ ಕಲಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿ ಪ್ರಿಂಟ್ ಅದು. ಎಂಜಿನಿಯರುಗಳ ಬ್ಲೂಪ್ರಿಂಟ್ ಬಂದದ್ದು ಇದರಿಂದಲೇ. ಪೂರಾ ಕತ್ತಲೆ ಬೇಕಾಗಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ಮಂದ ಹಳದಿ ಬಲ್ಬು ಸಾಕು. ಡೆವಲಪರ್ ಇಲ್ಲ, ಫಿಕ್ಸರ್ ಇಲ್ಲ, ನೀರೇ ಎಲ್ಲ. ಇನ್ನೊಂದು ದೊಡ್ಡ ಲಾಭ ಕೇಳು. ಇಂಕ್‌ಜೆಟ್ ಪ್ರಿಂಟರ್ ಪಟ ಬರೆಯುವುದು ಸಣ್ಣ ಸಣ್ಣ ಚುಕ್ಕೆಯಲ್ಲಿ. ಹೊಳಪಿನ ಬೆಳ್ಳಿ ಕಾಗದದ ಮೇಲೆ ಆ ಚುಕ್ಕೆಗಳೆಲ್ಲ ಎದ್ದು ಕಾಣುತ್ತವೆ. ಡ್ರಾಯಿಂಗ್ ಕಾಗದದಲ್ಲಾದರೆ ರಸಾಯನ ನಾರಿನೊಳಗೆ ಇಳಿದಿರುತ್ತದೆ, ಚುಕ್ಕೆ ಮಾಯ. ಕಲಿಯುವವರಿಗೆ ಇಷ್ಟು ಕರುಣೆ ತೋರಿಸುವ ವಿಧಾನ ಬೇರೆ ಇಲ್ಲ.

ಲೆಕ್ಕ ಬರೆದುಕೊ. ಫೆರಿಕ್ ಅಮೋನಿಯಂ ಸಿಟ್ರೇಟ್, ಹಸಿರು ಬಣ್ಣದ್ದು, 25 ಗ್ರಾಂ ತೂಗಿ ನೀರಲ್ಲಿ ಕರಗಿಸಿ 100 ಮಿ.ಲೀ. ಮಾಡು. ಇನ್ನೊಂದು ಬಾಟಲಿಯಲ್ಲಿ ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಅದೂ 100 ಮಿ.ಲೀ. ಎರಡನ್ನೂ ಬೇರೆ ಬೇರೆ ಇಡು, ಹಚ್ಚುವ ಹೊತ್ತಿಗೆ ಮಾತ್ರ ಸಮಸಮ ಬೆರೆಸು. ಎ4 ಹಾಳೆಗೆ ಎರಡೂ ಸೇರಿ ಮೂರು ನಾಲ್ಕು ಮಿ.ಲೀ. ಸಾಕು. ಸಿಟ್ರೇಟಿನ ಬಾಟಲಿಗೆ ನಮ್ಮ ಊರಿನ ಶೆಕೆಯಲ್ಲಿ ಬೇಗ ಬೂಸಲು ಬರುತ್ತದೆ. ಕಂಡ ಕೂಡಲೆ ಎಸೆಯಬೇಡ, ಕಾಫಿ ಸೋಸುವ ಕಾಗದದಲ್ಲಿ ಸೋಸಿದರೆ ಕೆಲಸಕ್ಕೆ ಬರುತ್ತದೆ. ಸ್ವಲ್ಪವೇ ಮಾಡಿಟ್ಟುಕೊಳ್ಳುವುದು ಅದಕ್ಕಿಂತ ಜಾಣತನ.

ಮೂರನೆಯದು ನೆಗೆಟಿವ್. ಮೂಲ ಫೈಲನ್ನು ಮುಟ್ಟಬೇಡ. ಪ್ರತಿ ಮಾಡಿ ಆ ಪ್ರತಿಯಲ್ಲಿ ಆಡು. ದುಬಾರಿ ಸಾಫ್ಟ್‌ವೇರ್ ಬೇಡ, ಪುಕ್ಕಟೆ ಸಿಗುವ ಗಿಂಪ್ ಧಾರಾಳ ಸಾಕು. 16 ಬಿಟ್‌ನಲ್ಲಿ ತೆರೆ, ಬಣ್ಣ ತೆಗೆ, ಛಾಯೆಯ ಏರಿಳಿತ ತಿದ್ದುವ ಕರ್ವ್ ಹಾಕು, ಕಪ್ಪು ಬಿಳುಪು ತಿರುಗಿಸು. ಕೊನೆಗೆ ಎಡ ಬಲ ಮಗುಚು. ಈ ಕೊನೆಯದನ್ನು ಮರೆಯದವರನ್ನು ನಾನು ಕಂಡಿಲ್ಲ. ಶಾಯಿಯ ಮೈ ಕಾಗದದ ಮೈಗೆ ತಾಗಬೇಕು. ನಡುವೆ ಪ್ಲಾಸ್ಟಿಕ್ ಬಂದರೆ ಅಂಚೆಲ್ಲ ಮಸುಕು. ಹಾಗಾಗಿ ಶಾಯಿಯ ಕಡೆಯಿಂದ ನೋಡಿದರೆ ಅಂಗಡಿ ಬೋರ್ಡಿನ ಅಕ್ಷರ ಉಲ್ಟಾ ಕಾಣಬೇಕು. ಈ ಉಲ್ಟಾ ವಿದ್ಯೆ ನಮ್ಮ ಊರಿಗೆ ಹೊಸತಲ್ಲ. 1841ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದರು. 1843ರಲ್ಲಿ ಮೋಗ್ಲಿಂಗ್ ಸಂಪಾದಿಸಿದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲೇ ಹೊರಬಂತು. ಕಲ್ಲಿನ ಮೇಲೆ ಅಕ್ಷರ ತಿರುಗಿ ನಿಂತರೆ ಮಾತ್ರ ಕಾಗದದ ಮೇಲೆ ನೆಟ್ಟಗೆ ಬೀಳುತ್ತದೆ. ಅವರು ಅಷ್ಟು ಜಾಗ್ರತೆಯಿಂದ ಪತ್ರಿಕೆ ತಂದ ಊರಿನಲ್ಲಿ ಹುಟ್ಟಿ ನೀನು ಒಂದು ಬಟನ್ ಒತ್ತಲು ಮರೆತರೆ ಹೇಗೆ?

ಹಾಳೆ ತರುವಾಗಲೂ ಗಮನ ಇರಲಿ. ಇಂಕ್‌ಜೆಟ್ಟಿಗೆ ಬೇಕಾದದ್ದು ಒಂದು ಮೈಗೆ ಲೇಪ ಇರುವ ಪಾರದರ್ಶಕ ಹಾಳೆ. ಬೆರಳು ತುಸು ಒದ್ದೆ ಮಾಡಿ ಮೂಲೆಗೆ ಮುಟ್ಟಿಸು, ಅಂಟಿದ ಕಡೆಯೇ ಲೇಪದ ಕಡೆ. ಲೇಪ ಇಲ್ಲದ ಹಾಳೆಯಲ್ಲಿ ಶಾಯಿ ಹನಿಹನಿಯಾಗಿ ನಿಲ್ಲುತ್ತದೆ, ಒಣಗುವುದೇ ಇಲ್ಲ. ಇಂಕ್‌ಜೆಟ್ಟಿನ ಹಾಳೆಯನ್ನು ಲೇಸರ್ ಪ್ರಿಂಟರಿಗೆ ಕೊಟ್ಟರೆ ಒಳಗಿನ ಬಿಸಿಗೆ ಕರಗಿ ಯಂತ್ರವೇ ಹಾಳು. ಜೆರಾಕ್ಸ್ ಅಂಗಡಿಯವರ ಶಾಪ ತಟ್ಟಿಸಿಕೊಳ್ಳಬೇಡ.

ಈಗ ನಾಲ್ಕನೆಯ, ಮುಖ್ಯ ಮಾತಿಗೆ ಬರುತ್ತೇನೆ. ಉಳಿದದ್ದನ್ನೆಲ್ಲ ಮರೆತರೂ ಇದನ್ನು ಮರೆಯಬೇಡ. ಮೊದಲ ಹಾಳೆಯಲ್ಲಿ ಪಟ ಮಾಡಬೇಡ, ಪಟ್ಟಿ ಮಾಡು.

ನಿನ್ನ ಸ್ವಭಾವ ನನಗೆ ಗೊತ್ತು. ಹುಲಿವೇಷದ ಪಟವನ್ನೇ ಮೊದಲು ಇಟ್ಟು, ಮಸಿಯಾದರೆ ಬಿಸಿಲನ್ನು ಬೈದು, ಮಬ್ಬಾದರೆ ಪ್ರಿಂಟರನ್ನು ಬೈದು, ಸಂಜೆಯೊಳಗೆ ಹತ್ತು ಹಾಳೆ ಮುಗಿಸಿ, ಯಾವುದು ಯಾಕೆ ಕೆಟ್ಟಿತು ಅಂತ ತಿಳಿಯದೆ ಮಲಗುತ್ತೀ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ರಸಾಯನ ಹಚ್ಚಿ ಒಣಗಿಸಿದ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಏನೂ ಅಚ್ಚಾಗದ ಖಾಲಿ ಪ್ಲಾಸ್ಟಿಕ್ ಹಾಳೆಯನ್ನು ಅರ್ಧ ಅಗಲಕ್ಕೆ ಇಡು. ಇನ್ನರ್ಧ ಬರಿದೇ ಇರಲಿ. ಮೇಲೆ ಗಾಜು. ಒಂದು ರಟ್ಟಿನಿಂದ ಮುಚ್ಚಿಕೊಂಡು ಎರಡೆರಡು ನಿಮಿಷಕ್ಕೆ ಒಂದೊಂದು ಅಂಗುಲ ಜರುಗಿಸು.

ಆಗ ಕಾಗದವನ್ನೇ ನೋಡುತ್ತ ಕೂತಿರು, ಮೊಬೈಲನ್ನಲ್ಲ. ಹಚ್ಚಿದಾಗ ಹಳದಿಹಸಿರು ಇದ್ದದ್ದು ಬಿಸಿಲಿಗೆ ಮೆಲ್ಲ ನೀಲಿಹಸಿರಾಗುತ್ತದೆ, ಆಮೇಲೆ ಕಪ್ಪುನೀಲಿ. ಮತ್ತೂ ಬಿಟ್ಟರೆ ಗಾಢ ಭಾಗ ಬೂದುಗಂದಿಗೆ ತಿರುಗಿ ಕಂಚಿನ ಹೊಳಪು ಬರುತ್ತದೆ. ಹೊಸಬರು ಇಲ್ಲಿ ಹೆದರಿ ಬೇಗ ತೆಗೆದುಬಿಡುತ್ತಾರೆ. ಹೆದರಬೇಡ, ಆ ಬೂದು ನೀರಲ್ಲಿ ಮತ್ತೆ ನೀಲಿಯಾಗುತ್ತದೆ. ನೀರಿಗೆ ಹಾಕಿದೊಡನೆ ಹಳದಿ ಎಳೆಯೆಳೆಯಾಗಿ ಬಿಟ್ಟು ಹೋಗುತ್ತದೆ, ಬಿಳಿ ಜಾಗ ಬಿಳಿಯಾಗುತ್ತದೆ. ನೀರು ಬದಲಿಸುತ್ತ ಹಳದಿ ಪೂರ್ತಿ ಹೋಗುವವರೆಗೆ ತೊಳೆ. ಒಣಗಿದ ಮೇಲೂ ನೀಲಿ ಇನ್ನಷ್ಟು ಗಾಢವಾಗುತ್ತದೆ. ಕಾಯಲಾರೆ ಅಂದರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಕೊನೆಯ ನೀರಿಗೆ ನಾಲ್ಕು ಹನಿ ಬಿಡು, ಕ್ಷಣದಲ್ಲಿ ಏರುತ್ತದೆ. ಕಾದರೂ ಅದೇ ನೀಲಿ, ಹನಿ ಬಿಟ್ಟರೂ ಅದೇ ನೀಲಿ; ಬಣ್ಣವನ್ನು ಮಾತ್ರ ಒಣಗಿದ ಮೇಲೆಯೇ ತೀರ್ಮಾನಿಸು.

ಒಣಗಿದ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡು. ಪ್ಲಾಸ್ಟಿಕ್ಕಿನ ಕೆಳಗಿದ್ದ ಭಾಗ ಯಾವ ನಿಮಿಷದಿಂದ ಮುಂದೆ ಇನ್ನು ಗಾಢವಾಗುವುದಿಲ್ಲವೋ ಅದೇ ನಿನ್ನ ಮೂಲ ಸಮಯ. ಎರಡನೆಯ ಪಟ್ಟಿಗೆ ಬಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲು ಮಾಡಿ ನೆಗೆಟಿವ್ ಹೊಡೆ, ಅದೇ ಸಮಯ ಕೊಡು. ಕೆಲವು ಮೆಟ್ಟಿಲು ಒಂದರೊಳಗೊಂದು ಸೇರಿಹೋಗಿರುತ್ತವೆ, ಕೆಲವು ಕಾಣುವುದೇ ಇಲ್ಲ. ಆ ಕೊರತೆಯನ್ನು ತುಂಬುವುದೇ ಕರ್ವಿನ ಕೆಲಸ. ಶಾಯಿಯ ವಿಷಯದಲ್ಲಿ ಕಣ್ಣನ್ನು ನಂಬಬೇಡ. ಇಲ್ಲಿ ಕೆಲಸ ಮಾಡುವುದು ಅತಿನೇರಳೆ ಕಿರಣ. ಕಣ್ಣಿಗೆ ಕಡುಕಪ್ಪಾಗಿ ಕಂಡ ಶಾಯಿ ಅದನ್ನು ಒಳಗೆ ಬಿಟ್ಟೀತು, ತೆಳ್ಳಗೆ ಕಂಡ ಹಳದಿ ಗಟ್ಟಿಯಾಗಿ ತಡೆದೀತು. ಪಟ್ಟಿ ಹೇಳಿದ್ದೇ ಸತ್ಯ.

ಬೇರೆಯವರ ಕರ್ವ್ ತಂದು ಹಾಕಿಕೊಂಡರಾಯ್ತಲ್ಲ ಅಂತ ನೀನು ಕೇಳುತ್ತೀ. ಆಗುವುದಿಲ್ಲ. ನಿನ್ನ ಅಜ್ಜಿ ಹೊಸ ಮೂಟೆ ಕುಚ್ಚಲಕ್ಕಿ ಬಂದ ದಿನ ನೀರಿನ ಅಂದಾಜನ್ನು ಹೊಸತಾಗಿ ನೋಡುತ್ತಾಳೆ. ಹಳೆ ಅಳತೆ ಹೊಸ ಅಕ್ಕಿಗೆ ನಡೆಯದು ಅಂತ ಅವಳಿಗೆ ಗೊತ್ತು. ಇದೂ ಹಾಗೆಯೇ. ಬೇರೆ ಊರಿನವರ ಕರ್ವ್ ಅವರ ಶಾಯಿಗೆ, ಅವರ ಕಾಗದಕ್ಕೆ, ಅವರ ಬಿಸಿಲಿಗೆ ಕೂತಿರುತ್ತದೆ. ನಿನ್ನ ಫೈಲ್ ಎಲ್ಲಿಗೆ ಹೋದರೂ ಅದೇ. ನೀರು, ಗಾಳಿ, ಬಿಸಿಲು ಮಾತ್ರ ಮಂಗಳೂರಿನದ್ದು. ನೀನು ಕಲಿಯಬೇಕಾದದ್ದು ಅವನ್ನೇ.

ನಮ್ಮ ಗಾಳಿಯನ್ನೇ ನೋಡು, ಅದರಲ್ಲಿ ಸದಾ ನೀರು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಹಚ್ಚಿದ ಕಾಗದ ಒಣಗಿದ ಹಾಗೆ ಕಂಡರೂ ಒಣಗಿರುವುದಿಲ್ಲ. ಅದರ ಮೇಲೆ ನೆಗೆಟಿವ್ ಇಟ್ಟರೆ ಎರಡೂ ಅಂಟಿ ಎರಡೂ ಹಾಳು. ಫ್ಯಾನಿನ ಕೆಳಗೆ ಒಣಗಿಸಿ, ಆಮೇಲೆ ಹೇರ್ ಡ್ರೈಯರಿನಲ್ಲಿ ತಣ್ಣನೆ ಗಾಳಿ ಕೊಡು. ಹಚ್ಚಿದ ಕಾಗದವನ್ನು ನಾಳೆಗೆ ಇಡಬೇಡ. ತೇವಕ್ಕೆ ತಾನಾಗಿಯೇ ನೀಲಿಯಾಗುತ್ತದೆ. ಮಳೆಗಾಲದಲ್ಲಿ ಬಿಸಿಲನ್ನು ಕಾಯುತ್ತ ಕೂರುವ ಬದಲು ಯುವಿ ಟ್ಯೂಬಿನ ಪೆಟ್ಟಿಗೆ ಒಂದು ಮಾಡಿಸಿಕೊ. ದೀಪದ ಸಮಯ ಆಷಾಢಕ್ಕೂ ಚೈತ್ರಕ್ಕೂ ಒಂದೇ. ಬಿಸಿಲಿನದ್ದು ಹಾಗಲ್ಲ, ಮೋಡ ಒಂದು ಸುತ್ತು ಬಂದರೆ ನಿನ್ನ ಲೆಕ್ಕವೆಲ್ಲ ತಲೆಕೆಳಗು. ಪೆಟ್ಟಿಗೆಯ ಬೆಳಕನ್ನು ಬರಿಗಣ್ಣಲ್ಲಿ ನೋಡಬೇಡ.

ಕಾಗದಕ್ಕೂ ನೀರಿಗೂ ಒಂದೇ ಸೂತ್ರ: ಈ ನೀಲಿಗೆ ಹುಳಿ ಮಿತ್ರ, ಕ್ಷಾರ ಶತ್ರು. ಕೆಲವು ಒಳ್ಳೆಯ ಕಾಗದಗಳಿಗೆ ಬಾಳಿಕೆಗಾಗಿ ಸುಣ್ಣದ ಅಂಶ ಬೆರೆಸಿರುತ್ತಾರೆ. ಅವುಗಳ ಮೇಲೆ ನೀಲಿ ಪೇಲವವಾಗುತ್ತದೆ. ದುಬಾರಿ ಎಂಬ ಕಾರಣಕ್ಕೆ ಕಾಗದ ತರಬೇಡ, ಒಂದು ಹಾಳೆ ತಂದು ಪರೀಕ್ಷಿಸು. ಮೊದಲ ನೀರಿಗೆ ಸ್ವಲ್ಪ ಲಿಂಬೆಹುಳಿ ಹಿಂಡು, ನೀಲಿ ನಿಲ್ಲುತ್ತದೆ. ಸೋಪು, ಸೋಡಾ ಹತ್ತಿರವೂ ಸುಳಿಯದಿರಲಿ. ಕಾಗದ ತೀರಾ ಹೀರುವಂಥದ್ದಾದರೆ ಪಟ ಒಳಗಿಳಿದು ಮಂಕಾಗುತ್ತದೆ. ಅದಕ್ಕೆ ಮದ್ದು ನಿನ್ನ ಮನೆಯಲ್ಲೇ ಉಂಟು. ಬೇಸಿಗೆಯಲ್ಲಿ ತಂಪಿಗೆ ಅಂತ ಕಾಸಿ ಕುಡಿಯುವ ಕೂವೆಹುಡಿ. ಹತ್ತೊಂಬತ್ತನೆಯ ಶತಮಾನದ ಯುರೋಪಿನವರು ಆರೋರೂಟ್ ಅಂತ ಕಾಗದಕ್ಕೆ ಸವರುತ್ತಿದ್ದದ್ದು ಇಂಥದೇ ಗಂಜಿಯನ್ನು. ಲೀಟರ್ ನೀರಿಗೆ 20 ಗ್ರಾಂ, ಗಂಟಿಲ್ಲದೆ ಕಾಸಿ, ಆರಿಸಿ, ತೆಳ್ಳಗೆ ಸವರಿ ಒಣಗಿಸು. ಪಟ ಕಾಗದದ ಮೇಲ್ಮೈಯಲ್ಲೇ ನಿಲ್ಲುತ್ತದೆ.

ನೀಲಿ ನಿನ್ನ ಕೈಗೆ ಹತ್ತಿದ ಮೇಲೆ, ಪಟ್ಟಿ ನೋಡಿ ಪಟ ಹೇಗೆ ಬರುತ್ತದೆ ಅಂತ ಮೊದಲೇ ಹೇಳಬಲ್ಲೆ ಅಂತಾದ ಮೇಲೆ, ಬೆಳ್ಳಿಗೆ ಬಾ. ನಮ್ಮ ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ ‘ಇಂದು’ ಕಾಗದ ಸಿಗುತ್ತಿತ್ತು. ಆ ಕಾರ್ಖಾನೆ ಮುಚ್ಚಿತು, ಈಗ ವಿದೇಶದ ಕಾಗದವನ್ನೇ ತರಿಸಬೇಕು. ಹಾಳೆಗೆ ಹಾಳೆ ದುಡ್ಡು. ಅದಕ್ಕೇ ನೀಲಿಯಲ್ಲಿ ಕಲಿತು ಬಾ ಅಂದದ್ದು. ಕರ್ವ್ ಹೊಸತು ಬೇಕು. ಬೆಳ್ಳಿ ಕಾಗದಕ್ಕೆ ಮೆದು ನೆಗೆಟಿವ್ ಸಾಕು, ಸೈನೊಟೈಪಿನ ಗಡಸು ನೆಗೆಟಿವ್ ಇಟ್ಟರೆ ಬರೀ ಸುಣ್ಣ, ಬರೀ ಮಸಿ. ಬಿಸಿಲೂ ಬೇಡ, ಸಣ್ಣ ಬಲ್ಬಿನ ಕೆಲವು ಸೆಕೆಂಡು ಸಾಕು.

ಇಲ್ಲಿ ನಿನ್ನನ್ನು ಕಾಡುವುದು ಶೆಕೆ. ಡೆವಲಪರ್ ಡಬ್ಬಿಯ ಮೇಲೆ 20 ಡಿಗ್ರಿ ಅಂತ ಬರೆದಿರುತ್ತದೆ. ಏಪ್ರಿಲ್ ಮಧ್ಯಾಹ್ನ ತಾರಸಿ ಟ್ಯಾಂಕಿಯ ನೀರಿಗೆ ಕೈ ಹಾಕಿ ನೋಡು, ಗೊತ್ತಾಗುತ್ತದೆ. ಮಣ್ಣಿನ ಹೂಜಿಯೂ ನಮ್ಮ ತೇವದ ಗಾಳಿಯಲ್ಲಿ ಹೆಚ್ಚು ತಣಿಸುವುದಿಲ್ಲ. ದಕ್ಕೆಯಲ್ಲಿ ಮೀನಿಗೆ ಹಾಕುವ ಮಂಜುಗಡ್ಡೆ ತಂದು, ದೊಡ್ಡ ಬೇಸಿನ್ನಿನ ನೀರಿಗೆ ಹಾಕಿ, ಟ್ರೇಯನ್ನು ಅದರೊಳಗೆ ಕೂರಿಸು. ಡೆವಲಪರಿಗೇ ಹಾಕಬೇಡ, ತೆಳುವಾಗಿ ಕೆಟ್ಟುಹೋಗುತ್ತದೆ. 20ಕ್ಕೆ ಇಳಿಸಲಾಗದಿದ್ದರೆ 24ರಲ್ಲೇ ಕೆಲಸ ಮಾಡು. ಆದರೆ ಪಟ್ಟಿಯೂ 24ರಲ್ಲಿ, ಪಟವೂ 24ರಲ್ಲಿ. ಒಮ್ಮೆಗೆ ಒಂದನ್ನೇ ಬದಲಿಸು. ಶೆಕೆ ಬದಲಾಯಿತು, ಕಾಗದ ಬದಲಾಯಿತು, ಶಾಯಿಯೂ ಬದಲಾಯಿತು ಅಂದರೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ತೊಳೆಯುವುದರಲ್ಲಿ ಮನುಷ್ಯನ ಗುಣ ಗೊತ್ತಾಗುತ್ತದೆ ಮಗೂ. ಪಟ ಮೂಡಿದ ಕೂಡಲೆ ಎಲ್ಲರಿಗೂ ತೋರಿಸುವ ಅವಸರ; ಹೈಪೋ, ಅಂದರೆ ಫಿಕ್ಸರ್, ತೊಳೆದು ತೆಗೆಯುವ ಬೇಸರದ ಕೆಲಸಕ್ಕೆ ಯಾರೂ ಇಲ್ಲ. ಅರ್ಧ ತೊಳೆದ ಪಟ ಆರು ತಿಂಗಳು ನಗುತ್ತದೆ, ಆಮೇಲೆ ಹಳದಿ ಕಲೆ. ಪ್ಲಾಸ್ಟಿಕ್ ಲೇಪದ ಆರ್‌ಸಿ ಕಾಗದಕ್ಕೆ ಹರಿಯುವ ನೀರಿನಲ್ಲಿ ಕೆಲವೇ ನಿಮಿಷ ಸಾಕು. ನಾರಿನ ಕಾಗದಕ್ಕೆ ಸುಮಾರು ಒಂದು ತಾಸು ಬೇಕು. ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ನಗರಕ್ಕೆ ಪಾಳಿಯಲ್ಲಿ ನೀರು ಬಿಟ್ಟ ವರ್ಷಗಳುಂಟು. ನೆರೆಮನೆಯವರು ಕೊಡಪಾನ ಹಿಡಿದು ಕಾಯುವಾಗ ನಿನ್ನ ನಲ್ಲಿ ಪಟಕ್ಕಾಗಿ ಹರಿಯಬಾರದು. ನಾರಿನ ಕಾಗದವನ್ನು ಮಳೆಗಾಲಕ್ಕೆ ಇಟ್ಟುಕೊ, ಆಗ ಮಾಡಿನ ನೀರೇ ಬೇಕಾದಷ್ಟು.

ರಸಾಯನದ ಜೊತೆ ಸಲಿಗೆ ಬೇಡ. ಅಡುಗೆಮನೆಯ ಒಂದು ಚಮಚವೂ ಈ ಕೆಲಸಕ್ಕೆ ಬರಕೂಡದು. ಫೆರಿಸಯನೈಡಿಗೆ ಕಡು ಆಸಿಡ್ ತಾಗಿಸಬೇಡ, ವಿಷದ ಗಾಳಿ ಏಳುತ್ತದೆ. ಡೈಕ್ರೋಮೇಟ್ ಬಳಸುವ ವಿಧಾನಗಳ ಆಸೆ ಬಿಡು. ಅದು ಕ್ಯಾನ್ಸರ್ ತರುವ ವಸ್ತು. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಬಾವಿಕಟ್ಟೆಯ ಹತ್ತಿರ, ಚರಂಡಿಗೆ ಚೆಲ್ಲಿದರೆ ಕೊನೆಗೆ ಸೇರುವುದು ನೇತ್ರಾವತಿಗೋ ಫಲ್ಗುಣಿಗೋ. ಕ್ಯಾನಿನಲ್ಲಿ ಶೇಖರಿಸಿಡು. ಹಿಂದೆ ಸ್ಟುಡಿಯೋಗಳಿಂದ, ಆಸ್ಪತ್ರೆಯ ಎಕ್ಸ್‌ರೇ ಕೋಣೆಗಳಿಂದ ಹಳೆ ಹೈಪೋ ಕೊಂಡು ಬೆಳ್ಳಿ ತೆಗೆಯುವವರಿದ್ದರು. ಅಂಥವರನ್ನು ಹುಡುಕಿ ಕೊಡು.

ಯಾವ ಪಟ ಮಾಡಬೇಕು? ಎಲ್ಲವನ್ನೂ ಅಲ್ಲ. ಬಣ್ಣ ಹೋದ ಮೇಲೂ ನಿಲ್ಲುವುದನ್ನು ಆರಿಸು. ನಿನ್ನ ಹುಲಿವೇಷದಲ್ಲಿ ಹಳದಿ ಹೋದರೂ ಪಟ್ಟೆ ಉಳಿಯುತ್ತದೆ, ಬೆನ್ನಿನ ಬೆವರಿನ ಹೊಳಪು ಉಳಿಯುತ್ತದೆ. ಅದು ನೀಲಿಯಲ್ಲೂ ಹುಲಿಯೇ. ಪಣಂಬೂರಿನ ಸೂರ್ಯಾಸ್ತವನ್ನು ಬಿಡು, ಅದರಲ್ಲಿ ಬಣ್ಣ ಬಿಟ್ಟರೆ ಬೇರೇನೂ ಇಲ್ಲ. ಮನೆಯ ಹಳೆಯ ಪಟಗಳ ಸ್ಕ್ಯಾನ್‌ಗಳಿವೆಯಲ್ಲ, ಅವನ್ನು ಮಾಡು. ಬಾಸೆಲ್ ಮಿಶನ್‌ನವರು ಒಯ್ದ ನಮ್ಮ ಊರಿನ ಹಳೆಯ ಫೋಟೋಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ ಸಂಗ್ರಹದಲ್ಲಿ ಈಗ ಡಿಜಿಟಲ್ ರೂಪದಲ್ಲಿ ನೋಡಲು ಸಿಗುತ್ತವೆ. ಕಾಗದದ ಮೇಲೆ ಹೋದದ್ದು ಫೈಲಾಗಿ ಬಂದಿದೆ. ಅನುಮತಿ ಕೇಳಿ, ಪಡೆದು, ಮತ್ತೆ ಕಾಗದಕ್ಕೆ ಇಳಿಸು. ಕೇಳದೆ ಮಾಡಬೇಡ.

ಮಾಡಿದ್ದನ್ನು ಜೋಪಾನ ಮಾಡು. ಸೈನೊಟೈಪನ್ನು ನೇರ ಬಿಸಿಲು ಬೀಳುವ ಗೋಡೆಗೆ ತೂಗಬೇಡ. ಮಾಸಿದರೂ ಗಾಬರಿ ಬೇಡ, ಕೆಲವು ದಿನ ಕತ್ತಲಲ್ಲಿಟ್ಟರೆ ನೀಲಿ ಬಹುಮಟ್ಟಿಗೆ ಮರಳುತ್ತದೆ. ಮಳೆಗಾಲಕ್ಕೆ ಪಟ, ನೆಗೆಟಿವ್, ಲೆನ್ಸು ಎಲ್ಲವೂ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇರಲಿ. ಇಲ್ಲದಿದ್ದರೆ ನಮ್ಮ ಬೂಸಲು ನಿನಗಿಂತ ಚುರುಕು.

ಕೊನೆಯ ಮಾತು. ಒಂದು ನೋಟ್‌ಪುಸ್ತಕ ತೆಗೆದುಕೊ, ಮೊಬೈಲ್ ಅಲ್ಲ, ಕಾಗದದ್ದು. ತಾರೀಕು, ಹೊತ್ತು, ಕಾಗದದ ಹೆಸರು, ನಿಮಿಷ, ನೀರು, ಮೋಡ ಇತ್ತೋ ಇಲ್ಲವೋ – ಪ್ರತಿ ಪಟ್ಟಿಗೂ ಒಂದು ಸಾಲು. ಪಟ್ಟಿಯ ತುಂಡನ್ನು ಪಕ್ಕಕ್ಕೆ ಅಂಟಿಸು. ವರ್ಷ ತುಂಬುವಾಗ ಮಂಗಳೂರಿನ ಬಿಸಿಲು, ಮಳೆ, ನೀರು ನಿನ್ನ ಕೈಗೆ ಗೊತ್ತಿರುತ್ತದೆ. ಆ ಲೆಕ್ಕ ಹಣ ಕೊಟ್ಟರೂ ಬೇರೆಲ್ಲೂ ಸಿಗದು. ಮುಂದೆ ನಿನ್ನಷ್ಟೇ ಅವಸರದ ಹುಡುಗನೋ ಹುಡುಗಿಯೋ ಬಾಗಿಲಿಗೆ ಬಂದರೆ ಆ ಪುಸ್ತಕ ತೆರೆದು ತೋರಿಸು, ಬಚ್ಚಿಡಬೇಡ. ಈ ಭಾನುವಾರ ಪಟ ಬೇಡ, ಎರಡು ಪಟ್ಟಿ ಮಾಡಿ ತಾ. ಯಾವ ನಿಮಿಷದಲ್ಲಿ ನೀಲಿ ನಿಂತಿತು ಅಂತ ನಾನು ಕೇಳುತ್ತೇನೆ. ಪುಸ್ತಕ ನೋಡಿಯಾದರೂ ಸರಿ, ಸರಿಯಾದ ಉತ್ತರ ಹೇಳು.